ಸಮಿತಿ ಮುಂದೆ ಅಮ್ಮನ ಪರ ಯಾರು?

ಸಿಗ್ನಲ್‌ನಲ್ಲಿ ಪೆನ್ನು ಮಾರುವ ಮಗುವನ್ನು ನೋಡಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ. ಒಳ್ಳೆಯ ಕೆಲಸವೇ. ಮಗು ಬಾಲಮಂದಿರ ಸೇರುತ್ತದೆ, ನಮಗೂ ಸಮಾಧಾನ. ಅದರ ಅಮ್ಮನ ಗತಿ ಏನಾಯ್ತು ಅಂತ ಮಾತ್ರ ಯಾರೂ ವಿಚಾರಿಸುವುದಿಲ್ಲ.

ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಗು ಮನೆಗೋ ಸಂಸ್ಥೆಗೋ ಅಂತ ತೀರ್ಮಾನಿಸುವುದು ಇದೇ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಮ್ಯಾಜಿಸ್ಟ್ರೇಟ್ ಪೀಠದ ಅಧಿಕಾರ. ಅಮ್ಮನಿಗೆ ಅದೂ ಒಂದು ಸರ್ಕಾರಿ ಆಫೀಸು, ಅಷ್ಟೇ.

ಅಂಥ ಒಂದು ಕಚೇರಿಯ ವರಾಂಡದಲ್ಲಿ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಗಾರೆ ಕೆಲಸದವಳು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರಲ್ಲಿ ಆಧಾರ್, ರೇಷನ್ ಕಾರ್ಡು, ಅಂಚು ಹರಿದ ತಾಯಿ ಕಾರ್ಡು. ಎಲ್ಲದರಲ್ಲೂ ಊರಿನ ವಿಳಾಸ. ಇಲ್ಲಿಯ ವಿಳಾಸದ ದಾಖಲೆ ತರಬೇಕಂತೆ. ತಗಡಿನ ಶೆಡ್ಡಿಗೆ ಬಾಡಿಗೆ ಕರಾರು ಯಾರು ಬರೆದುಕೊಡ್ತಾರೆ ಹೇಳಿ! “ನಾಳಿ ಬಾ ಅಂತಾರ್ರೀ. ಬಂದ್ರ ಪಗಾರ ಹೋಗ್ತೈತಿ, ಬರ್ಲಿಲ್ಲಂದ್ರ ಮಗಾ ಹೋಗ್ತಾನ” ಅಂದಳು.

ಕಾನೂನು ನೋಡಿದರೆ ಅವಳ ಕಡೆಗೇ ಇದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಅಂತ 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. ಅರ್ಹತೆ ಇದ್ದರೆ ಮಗು ಮನೆಯಲ್ಲೇ ಇದ್ದು ಓದಲು ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವವೂ ಇದೆ. ಇದನ್ನೆಲ್ಲ ಆ ವರಾಂಡದಲ್ಲಿ ಅವಳಿಗೆ ಹೇಳೋರು ಯಾರು?

ನ್ಯೂಯಾರ್ಕ್‌ನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ತಂದೆತಾಯಿಯ ಪರ ವಕೀಲರ ಜೊತೆ ಸೋಷಿಯಲ್ ವರ್ಕರ್ ಇರುತ್ತಾರೆ, ವಕೀಲರಲ್ಲದ, ತಂದೆತಾಯಿಗೆ ಜೊತೆಯಾಗಿ ನಿಲ್ಲುವ ಪೇರೆಂಟ್ ಅಡ್ವೊಕೇಟ್ ಇರುತ್ತಾರೆ. ಈ ಅಡ್ವೊಕೇಟ್‌ಗಳಲ್ಲಿ ಹಲವರು ಹಿಂದೆ ತಾವೇ ಮಕ್ಕಳಿಗಾಗಿ ಆ ಕೋರ್ಟಿಗೆ ಅಲೆದವರು. ಇಂಥ ತಂಡ ಸಿಕ್ಕ ಕುಟುಂಬಗಳ ಮಕ್ಕಳು, ಮನೆಯಿಂದ ದೂರ ಬೇರೆಯವರ ಆರೈಕೆಯಲ್ಲಿಡುವ ಫಾಸ್ಟರ್ ಕೇರ್‌ನಲ್ಲಿ ಸುಮಾರು ನಾಲ್ಕು ತಿಂಗಳು ಕಡಿಮೆ ಇದ್ದರು ಅಂತ 2019ರ ಅಧ್ಯಯನವೊಂದು ತೋರಿಸಿತು. ಮಕ್ಕಳ ಸುರಕ್ಷತೆಗೇನೂ ಧಕ್ಕೆಯಾಗಲಿಲ್ಲ.

ಹಾಗಾದ್ರೆ ಕುಡಿದು ಹೊಡೆಯುವ ಅಪ್ಪನ ಪರವೂ ಮಾತಾಡಬೇಕಾ ಅಂತೀರಿ. ಅವನಿಗೂ ಒಬ್ಬರು ಬೇಕು. ಏನು ಬದಲಾದರೆ ಮಗು ವಾಪಸ್ ಬರುತ್ತದೆ, ಬದಲಾಗದಿದ್ದರೆ ಯಾಕೆ ಬರಲ್ಲ ಅಂತ ನೇರವಾಗಿ ಹೇಳೋಕೆ. ತೀರ್ಮಾನ ಹೇಗೂ ಸಮಿತಿಯದ್ದೇ ಅಲ್ವಾ?

ದೊಡ್ಡ ಯೋಜನೆಯೇನೂ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಕಾನೂನು ನೆರವಿಗೆ ತರಬೇತಿ ಪಡೆದ ಪ್ಯಾರಾ ಲೀಗಲ್ ವಾಲಂಟಿಯರ್‌ಗಳು ಈಗಾಗಲೇ ಇದ್ದಾರೆ. ಸಮಿತಿ ಕೂರುವ ದಿನ ಅವರಲ್ಲೊಬ್ಬರು ತಂದೆತಾಯಿಗಾಗಿಯೇ ಅಲ್ಲಿರಲಿ. ಅಲ್ಲಿಯವರೆಗೆ, ನಿಮ್ಮ ಬಡಾವಣೆಯ ಕಟ್ಟಡ ಕೆಲಸದವರಿಗೆ ಹೀಗಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ನೀವೇ ಫೋನ್ ಹಚ್ಚಿಕೊಡಿ. ಆ 30 ದಿನದ ಲೆಕ್ಕವನ್ನೂ ಮರೆಯದೆ ಹೇಳಿ.