ಖಡಿ ಮಷಿನ್ನಿನ ಗ್ರೀನ್ ಬೆಲ್ಟು

ಮೊನ್ನೆ ಮುಂಡರಗಿ ಕಡೆ ಬೈಕ್ ಮ್ಯಾಲೆ ಹೊಂಟಿದ್ದೆ, ಒಂದ್ ಬಾಜೂ ಕಪ್ಪತಗುಡ್ಡ ತಣ್ಣಗ ಕುಂತಿತ್ತು, ಇನ್ನೊಂದ್ ಬಾಜೂ ಖಡಿ ಮಷಿನ್, ಅಂದ್ರ ಕಲ್ಲು ಒಡದು ಜಲ್ಲಿ ಮಾಡೂ ಕ್ರಷರ್. ಗೇಟಿಗೆ ಬೋರ್ಡು, "ಗ್ರೀನ್ ಬೆಲ್ಟ್ ಅಭಿವೃದ್ಧಿಪಡಿಸಲಾಗಿದೆ", ಅಂದ್ರ ಸುತ್ತಲೂ ಗಿಡ ಹಚ್ಚೇವಿ ಅಂತ. ಎಲ್ಲೈತಪಾ ಅಂತ ಗಾಡಿ ನಿಲ್ಲಿಸಿ ನೋಡಿದ್ರ, ನರ್ಸರಿಯಾಗ ಸಸಿಗೆ ನೆರಳು ಮಾಡ್ತಾರಲ್ಲ ಆ ಹಸರ ನೆಟ್, ಅದನ್ನ ಸುತ್ತಲೂ ಕಟ್ಯಾರ. ಅದೂ ಧೂಳು ಕುಂತು ಬೂದಿ ಬಣ್ಣ ಆಗೇತಿ. ಬೆಲ್ಟ್ ಅಂತೂ ಐತ್ರಿ, ಗ್ರೀನ್ ಮಾತ್ರ ಮಳಿ ಬಂದ್ರ ಕಾಣ್ತೈತೇನೋ.

ಗುಡ್ಡದ ಕಥಿ ನಿಮಗ ಗೊತ್ತ ಐತಿ. 2015ರಾಗ ಸರ್ಕಾರದವರು ಸಂರಕ್ಷಿತ ಮೀಸಲು ಅಂದ್ರು, 2016ರಾಗ ಅಲ್ಲ ಅಂದ್ರು, ಗದಗಿನ ಮಂದಿ ಧರಣಿ ಕುಂತ ಮ್ಯಾಲೆ 2017ರಾಗ ಹೌದ್ಹೌದು ಅಂದ್ರು, 2019ರಾಗ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ. ಪಾಪ ಕತ್ತೆಕಿರುಬ, ರೇಷನ್ ಕಾರ್ಡಿನಾಗ ಅಡ್ರೆಸ್ ಬದಲಿ ಮಾಡಿಸಿ ಮಾಡಿಸಿ ಸುಸ್ತಾಗಿರಬೇಕು.

ಧಾಮದ ಆಚೆ ಹುಲ್ಲುಗಾವಲಿಗೆ ಅಡ್ರೆಸ್ಸೂ ಇಲ್ಲ. ಪಹಣಿಯಾಗ ಅದು ಖರಾಬು, ಅಂದ್ರ ಬಿತ್ತಾಕ ಬಾರದ ಭೂಮಿ. ತೋಳ ಮರಿ ಹಾಕೂದು, ಚಿಂಕಾರ ಮೇಯೂದು, ಎಲ್ಲಾ ಖರಾಬಿನಾಗ. ಮಧ್ಯಾಹ್ನ ಕಲ್ಲು ಕ್ವಾರಿಯಾಗ ಬ್ಲಾಸ್ಟಿನ ಸೈರನ್ ಕೂಗಿದ್ರ ನಾವು ದೂರ ಓಡ್ತೇವಿ, ಗವಿಯಾಗಿನ ಮರಿ ಎಲ್ಲಿಗೆ ಓಡಬೇಕ್ರಿ? ಬ್ಲಾಸ್ಟ್ ಆದ ಮ್ಯಾಲೆ ಪಹಣಿ ಬರೆದಿದ್ದು ಖರೇನ ಆಗ್ತೈತಿ.

ಇನ್ನ ಕ್ವಾರಿ ಮುಗಿದ ಮ್ಯಾಲಿನ ಪುನಶ್ಚೇತನ. ಪ್ಲಾನಿನಾಗ ಭಾಳ ಚಂದ ಐತಿ, ಮ್ಯಾಲಿನ ಮಣ್ಣು ಬ್ಯಾರೆ ತೆಗೆದಿಟ್ಟು ಕಡೀಕ ವಾಪಸ್ ಹಾಸಬೇಕಂತ. ಆ ಮಣ್ಣು ಯಾವ ಲೇಔಟಿನ ಲಾನಿನಾಗ ಮಲಗೇತೋ ಶಿವನೇ ಬಲ್ಲ. ಹುಲ್ಲು ಬೇಕಾಗಿದ್ದ ಜಾಗಕ್ಕ ಅಕೇಶಿಯಾ ಹಚ್ತಾರ, ಬಯಲಿನಾಗ ಬದುಕೂ ತೋಳಕ್ಕ ಅದು ನಮ್ಮ ಮನಿ ಬಾಗಿಲಿಗೆ ಗ್ವಾಡಿ ಕಟ್ಟಿದಂಗ, ಆದ್ರ ಫೋಟೋದಾಗ ಹಸರ ಕಾಣ್ತೈತಿ, ಅಷ್ಟ ಸಾಕು. ಟೆಂಡರ್ ಇಲ್ದ ಕೆಲಸ ಮಾಡಿದ್ದು ಕೊಂಬಿನ ಗೂಬಿ ಒಂದ, ಹಳೇ ಕ್ವಾರಿ ಗ್ವಾಡಿ ಸಂದಿಯಾಗ ಸಂಸಾರ ಹೂಡೇತಿ. ಈಗ ಆ ಗುಂಡಿಗೆ ಊರಿನ ಕಸ ಸುರೀಬೇಕು ಅಂತ ಒಬ್ಬರು ಐಡಿಯಾ ಕೊಟ್ಟಾರ.

ಜೂನ್ 5ಕ್ಕ, ಪರಿಸರ ದಿನದ ಸಸಿ ಹಚ್ಚೂ ಕಾರ್ಯಕ್ರಮಕ್ಕ, ನಾನೂ ಹೋಗಿದ್ದೆ. ದೊಡ್ಡ ಗುಂಡಿ ದಂಡಿ ಮ್ಯಾಲೆ ಸಣ್ಣ ಗುಂಡಿ ತೋಡಿದ್ರು. ಹೋದ ವರ್ಷದ್ದ ಗುಂಡಿ ಅದು, ಒಣಗಿದ ಕಡ್ಡಿ ಇನ್ನೂ ಅದರಾಗ ಇತ್ತು, ಸಾಹೇಬ್ರು ಅದನ್ನ ಕಿತ್ತು ಬಾಜೂಕ ಇಟ್ಟು ಹೊಸಾ ಸಸಿಗೆ ನೀರು ಹಾಕಿದ್ರು. ಕೊಡ ಮಾತ್ರ ಹೊಸಾದಿತ್ತು.