ವೈನಿಗೆ ಊರು ಬೇಕಾಗಿದೆ

ಇಟಲಿಯ ಈಶಾನ್ಯ ಮೂಲೆಯಲ್ಲಿ ಫ್ರಿಯುಲಿ ಎಂಬ ಸೀಮೆಯಿದೆ. ಅಲ್ಲಿನ ಜನ ಸಂಜೆ ಕೆಲಸ ಮುಗಿಸಿ, ಕೌಂಟರಿಗೆ ಒರಗಿ ನಿಂತು, ‘ಒಂದು ತಾಯುತ್ ಕೊಡಿ’ ಎನ್ನುತ್ತಾರೆ. ತಾಯುತ್ ಅಂದರೆ ಚಿಕ್ಕ ಗ್ಲಾಸು. ಅದರೊಳಗೆ ತಲೆಮಾರುಗಳಿಂದ ಬೀಳುತ್ತಿದ್ದದ್ದು ತೊಕಾಯ್ ಎಂಬ ಬಿಳಿ ವೈನ್. ಗಂಟಲಿಗೆ ಮೆತ್ತಗೆ ಇಳಿಯುತ್ತದೆ, ಕೊನೆಯಲ್ಲಿ ಬಾದಾಮಿಯ ಸಣ್ಣ ಕಹಿ. ನಂಜಿಕೊಳ್ಳಲು ಸಾನ್ ದನಿಯೆಲೆ ಹ್ಯಾಮಿನ ತೆಳು ತೆಳು ಚೂರು. ಯಾರ ತಂಟೆಗೂ ಹೋಗದ ಸುಖ.

ತಂಟೆ ಹಂಗೇರಿಯಿಂದ ಬಂತು. ಅಲ್ಲಿ ತೊಕಾಯ್ ಎಂಬ ಊರೇ ಇದೆ. ಅಲ್ಲಿನ ಸಿಹಿ ವೈನಿಗೆ ರಾಜ ಮಹಾರಾಜರ ಕಾಲದಿಂದ ಹೆಸರು. ದ್ರಾಕ್ಷಿ ಬೇರೆ, ಬಣ್ಣ ಬೇರೆ, ರುಚಿ ಬೇರೆ. ಒಂದು ಊಟದ ಜೊತೆಗೆ, ಇನ್ನೊಂದು ಊಟ ಆದ ಮೇಲೆ. ಇವೆರಡನ್ನೂ ಒಂದೇ ಎಂದುಕೊಳ್ಳಬೇಕಾದರೆ ಅದಕ್ಕೂ ಮೊದಲು ಮೂರನೆಯದೇನನ್ನೋ ಜಾಸ್ತಿ ಕುಡಿದಿರಬೇಕು. ಆದರೂ 1993ರಲ್ಲಿ ಯುರೋಪಿನ ಒಕ್ಕೂಟ ಹಂಗೇರಿಯ ಜೊತೆ ಒಪ್ಪಂದ ಮಾಡಿಕೊಂಡು, ಹೆಸರನ್ನು ಅವರಿಗೇ ಬಿಟ್ಟುಕೊಟ್ಟಿತು. ಫ್ರಿಯುಲಿಯವರು ಜಗಳ ಆಡಿದರು, ಕೋರ್ಟಿನ ಮೆಟ್ಟಿಲು ಹತ್ತಿದರು. 2005ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ತೊಕಾಯ್ ಅಲ್ಲಿ ಊರು, ನಿಮ್ಮಲ್ಲಿ ಬರೀ ದ್ರಾಕ್ಷಿ. ಊರಿಗೆ ಕಾನೂನಿನ ಕಾವಲು ಉಂಟು, ದ್ರಾಕ್ಷಿಗೆ ಇಲ್ಲ. 2007ರ ಮಾರ್ಚ್ 31ಕ್ಕೆ ಗಡುವು ಮುಗಿಯಿತು.

ಅದುವರೆಗೆ ‘ತೊಕಾಯ್ ಫ್ರಿಯುಲಾನೊ’ ಆಗಿದ್ದ ವೈನ್ ತಲೆ ಕಳೆದುಕೊಂಡು ಬರೀ ‘ಫ್ರಿಯುಲಾನೊ’ ಆಯಿತು. ಪಕ್ಕದ ವೆನೆತೊ ಸೀಮೆಯವರು ನಡುವಿನ ಅಕ್ಷರ ಕಿತ್ತು ‘ತಾಯ್’ ಎಂದರು. ಕಿಲಾಡಿಗಳೂ ಇದ್ದರು. ರಾದಿಕೊನ್ ಮನೆತನದವರಂತೂ ಹಂಗೇರಿಯ ಊರಿನ ಹೆಸರನ್ನು ಬಾಲದಿಂದ ತಲೆಗೆ ಬರೆದು ‘ಯಾಕೊತ್’ ಎಂದು ಲೇಬಲ್ ಅಂಟಿಸಿದರು. ನಮ್ಮ ಕಿವಿಗೆ ಅದು ‘ಯಾಕೋ?’ ಎಂದು ಕೇಳಿಸಿದರೆ ತಪ್ಪೇನಿಲ್ಲ. ಸರಿಯಾದ ಪ್ರಶ್ನೆಯೇ.

ಪೆಟ್ಟು ತಿಂದ ಇಟಲಿ ಪಾಠ ಕಲಿಯಿತು. ಒಳ್ಳೆ ವೈನ್ ಮಾಡಬೇಕು ಎಂಬ ಪಾಠ ಅಲ್ಲ, ಅದು ಅವರಿಗೆ ಮೊದಲೇ ಬರುತ್ತಿತ್ತು. ಊರು ಹುಡುಕಬೇಕು ಎಂಬ ಪಾಠ.

ಆ ಹೊತ್ತಿಗೆ ವೆನೆತೊದ ಗುಡ್ಡಗಳಲ್ಲಿ ಇನ್ನೊಂದು ತಲೆನೋವು ಶುರುವಾಗಿತ್ತು. ಅಲ್ಲಿನ ನೊರೆಯ ಬಿಳಿ ವೈನ್ ಪ್ರೊಸೆಕ್ಕೊ ಜಗತ್ತಿಗೆಲ್ಲ ಹಿಡಿಸಿಬಿಟ್ಟಿತ್ತು. ಆದರೆ ಪ್ರೊಸೆಕ್ಕೊ ಅನ್ನುವುದೂ ದ್ರಾಕ್ಷಿಯ ಹೆಸರೇ. ಆಸ್ಟ್ರೇಲಿಯಾದವರು ಆಗಲೇ ಬಳ್ಳಿ ನೆಟ್ಟಿದ್ದರು. ಆಸ್ಟ್ರಿಯಾದ ಕಂಪನಿಯೊಂದು ಅದನ್ನು ಸೋಡಾದಂತೆ ಕ್ಯಾನಿಗೆ ತುಂಬಿ ಮಾರುತ್ತಿತ್ತು. ಅದರ ಜಾಹೀರಾತಿಗೆ ಪ್ಯಾರಿಸ್ ಹಿಲ್ಟನ್ ಮೈತುಂಬ ಚಿನ್ನದ ಬಣ್ಣ ಬಳಿದುಕೊಂಡು ನಿಂತಿದ್ದರು. ಬೆಳೆಗಾರರ ಎದೆ ಒಡೆಯಲು ಇನ್ನೇನು ಬೇಕು?

ನಕ್ಷೆ ಹರಡಿ ನೋಡಿದರೆ, ಅದೃಷ್ಟ! ತ್ರಿಯೆಸ್ತೆ ನಗರದ ಹೊರವಲಯದಲ್ಲಿ, ಸಮುದ್ರದ ಮೇಲಿನ ಕಲ್ಲುಗುಡ್ಡದ ಅಂಚಿಗೆ, ಪ್ರೊಸೆಕ್ಕೊ ಎಂಬ ಪುಟ್ಟ ಹಳ್ಳಿ. ಹೆಸರು ಮೂಲದಲ್ಲಿ ಅಲ್ಲಿಂದಲೇ ಬಂದದ್ದು. ಆದರೆ ಪ್ರೊಸೆಕ್ಕೊದ ದೊಡ್ಡ ಮನೆಯಾದ ವಾಲ್ದೊಬ್ಬಿಯಾದೆನೆಯಿಂದ ಈ ಹಳ್ಳಿ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಪರವಾಗಿಲ್ಲ, ಗಡಿಯನ್ನೇ ಎಳೆದರಾಯಿತು ಅಲ್ವಾ? 2009ರಲ್ಲಿ ಒಂಬತ್ತು ಜಿಲ್ಲೆ ಸೇರಿಸಿ ಒಂದೇ ‘ಪ್ರೊಸೆಕ್ಕೊ ಸೀಮೆ’ ಮಾಡಿದರು. ದ್ರಾಕ್ಷಿಗೆ ಹಳೆಯ ಹೆಸರು ತೆಗೆದು ‘ಗ್ಲೆರಾ’ ಎಂದು ನಾಮಕರಣ ಮಾಡಿದರು. ಆಗ ಕೃಷಿ ಮಂತ್ರಿಯಾಗಿದ್ದ ಲೂಕಾ ಜಾಯ ಹುಟ್ಟಿದ್ದು ಪ್ರೊಸೆಕ್ಕೊ ಗುಡ್ಡಗಳ ಕೊನೆಲ್ಯಾನೊದಲ್ಲಿ. ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ.

ಇದನ್ನು ನಮ್ಮ ಕಡೆ ತಂದು ನೋಡಿ. ದಾವಣಗೆರೆ ಬೆಣ್ಣೆ ದೋಸೆಯನ್ನು ಒಂಬತ್ತು ಜಿಲ್ಲೆಯವರು ಅದೇ ಹೆಸರಲ್ಲಿ ಹುಯ್ಯಬಹುದು. ಹತ್ತನೆಯ ಜಿಲ್ಲೆಯವರು ಹುಯ್ದರೆ ನೋಟಿಸ್ ಬರುತ್ತದೆ. ಹಿಟ್ಟಿಗೆ ‘ಗ್ಲೆರಾ’ ಎಂದು ಹೆಸರು. ಖುದ್ದು ದಾವಣಗೆರೆಯವರು ಮಾತ್ರ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದಾರೆ.

ಉತ್ಪ್ರೇಕ್ಷೆ ಅಲ್ಲ. ಇವತ್ತು ವರ್ಷಕ್ಕೆ 60 ಕೋಟಿಗೂ ಹೆಚ್ಚು ಬಾಟಲಿ ಪ್ರೊಸೆಕ್ಕೊ ಹೊರಬೀಳುತ್ತದೆ. ಬಹುಪಾಲಿಗೆ ನೊರೆ ಹುಟ್ಟುವುದು ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ. ಪ್ರೊಸೆಕ್ಕೊ ಹಳ್ಳಿ ಸುತ್ತಲಿನ ಕಾರ್ಸೊ ಎಂಬ ಕಲ್ಲುನೆಲದ ಬೆಳೆಗಾರರ ಪಾಲು ಇದರಲ್ಲಿ ಹುಡುಕಿದರೂ ಕಾಣುವುದಿಲ್ಲ. ಹೆಸರು ಎರವಲು ಕೊಟ್ಟಿದ್ದಕ್ಕೆ ಬದಲಾಗಿ ಅವರಿಗೆ ಒಂದು ಭರವಸೆ ಸಿಕ್ಕಿತ್ತು: ಸಮುದ್ರದ ಕಡೆಯ ಇಳಿಜಾರಿನಲ್ಲಿ ಕುಸಿದುಬಿದ್ದ ಕಲ್ಲುಕಟ್ಟೆಯ ತೋಟಗಳನ್ನು ಮತ್ತೆ ಎಬ್ಬಿಸಲು ನೆರವು ಕೊಡುತ್ತೇವೆ, ಕಾಗದಪತ್ರದ ಕಾಟ ತಗ್ಗಿಸುತ್ತೇವೆ. ವರ್ಷಗಳು ಕಳೆದ ಮೇಲೂ ಅವರು ‘ಅದೆಲ್ಲಿ?’ ಎಂದು ಕೇಳುತ್ತಲೇ ಇದ್ದರು. ಹೆಸರು ಕೊಂಡೊಯ್ದವರು ಬಾಟಲಿ ತುಂಬಿಸುವುದರಲ್ಲಿ ಬ್ಯುಸಿ.

ವಾಲ್ದೊಬ್ಬಿಯಾದೆನೆಯ ಗುಡ್ಡದವರನ್ನು ಮಾತ್ರ ಈ ಬೈಗುಳದಿಂದ ಹೊರಗಿಡಬೇಕು. ಅಲ್ಲಿ ಇಳಿಜಾರು ಎಷ್ಟು ಕಡಿದೆಂದರೆ ಯಂತ್ರ ಹತ್ತುವುದಿಲ್ಲ, ಗೊಂಚಲು ಕೈಯಲ್ಲೇ ಕೊಯ್ಯಬೇಕು. ಕೆಲವರು ಇನ್ನೂ ಹಳೆಯ ರೀತಿಯಲ್ಲಿ ಬಾಟಲಿಯೊಳಗೇ ಹುದುಗು ಬರಿಸಿ, ತಳದ ಗಸಿ ತೆಗೆಯದೆ ಹಾಗೇ ಬಿಡುತ್ತಾರೆ. ‘ಕೊಲ್ ಫೊಂದೊ’ ಎನ್ನುತ್ತಾರೆ. ಮಬ್ಬಾಗಿ, ಸ್ವಲ್ಪ ಒಗರಾಗಿ, ಬ್ರೆಡ್ಡಿನ ವಾಸನೆ ಹೊಡೆಯುತ್ತಾ ಇರುತ್ತದೆ. ಬೆಂಗಳೂರಿನ ರೂಫ್‌ಟಾಪಿನಲ್ಲಿ ಇದನ್ನು ತಂದಿಟ್ಟರೆ, ಕೆಟ್ಟುಹೋಗಿದೆ ಎಂದು ಮ್ಯಾನೇಜರನ್ನು ಕರೆಯುವವರೇ ಜಾಸ್ತಿ.

ಇಷ್ಟಕ್ಕೇ ಮುಗಿಯಲಿಲ್ಲ. ಕ್ರೊಯೇಷಿಯಾದಲ್ಲಿ ‘ಪ್ರೊಶೆಕ್’ ಎಂಬ ಸಿಹಿ ವೈನ್ ಇದೆ. ಒಣಗಿಸಿದ ದ್ರಾಕ್ಷಿಯಿಂದ ಮಾಡುತ್ತಾರೆ, ನೊರೆಯ ಸುಳಿವೂ ಇಲ್ಲ. ಅದಕ್ಕೆ ರಕ್ಷಣೆ ಕೊಡಿ ಎಂದು ಅವರು ಹಾಕಿದ ಅರ್ಜಿ 2021ರಲ್ಲಿ ಪ್ರಕಟವಾಯಿತು. ಇಟಲಿ ಹೌಹಾರಿತು. ಹೆಸರು ನಮ್ಮದರಂತೆ ಕೇಳುತ್ತದೆ, ಗಿರಾಕಿಗಳಿಗೆ ಗೊಂದಲ ಆಗುತ್ತದೆ ಎಂದು ದೊಡ್ಡ ರಾದ್ಧಾಂತ. ಹಂಗೇರಿಯವರು ತಮಗೆ ಹೇಳಿದ್ದನ್ನೇ ಇವರು ಅಕ್ಷರ ತಪ್ಪದೆ ಕ್ರೊಯೇಷಿಯಾಕ್ಕೆ ದಾಟಿಸಿದರು. ಇದರ ನಡುವೆ ಪ್ರೊಸೆಕ್ಕೊ ಹಳ್ಳಿಯ ಸ್ಲೊವೇನ್ ಮಾತಾಡುವವರು ತಮ್ಮ ಊರನ್ನು ಕರೆಯುವುದು ‘ಪ್ರೊಸೆಕ್’ ಎಂದು. ಅವರನ್ನು ಯಾರೂ ಕೇಳಲಿಲ್ಲ ಬಿಡಿ.

ಪರಂಪರೆ ಕಾಯುವುದಕ್ಕೆಂದೇ ಇಷ್ಟೆಲ್ಲ ಮಾಡಿದವರು 2020ರಲ್ಲಿ ಗುಲಾಬಿ ಬಣ್ಣದ ಪ್ರೊಸೆಕ್ಕೊಗೂ ಒಪ್ಪಿಗೆ ಕೊಟ್ಟರು. ಗ್ಲೆರಾಕ್ಕೆ ಶೇ. 10ರಿಂದ 15ರಷ್ಟು ಪಿನೊ ನೆರೊ ಎಂಬ ಕಪ್ಪು ದ್ರಾಕ್ಷಿಯದನ್ನು ಬೆರೆಸಿದರೆ ಆಯಿತು. ಪರಂಪರೆಗೂ ಆಗಾಗ ಬಣ್ಣ ಹೊಡೆಸಬೇಕಾಗುತ್ತದೆ.

ನಿಜವಾಗಿ ಊರಿನ ವೈನ್ ಬೇಕಾದವರು ಕಾರ್ಸೊ ರಸ್ತೆಯಲ್ಲಿ ಸೊಪ್ಪಿನ ಕೊಂಬೆ ತೂಗಿದ್ದಲ್ಲಿ ತಿರುಗಿ. ಅಂಥ ಮನೆಗೆ ‘ಒಸ್ಮಿತ್ಸಾ’ ಎನ್ನುತ್ತಾರೆ. ರೈತ ತನ್ನ ಮನೆಯ ವೈನನ್ನು ಅಂಗಳದಲ್ಲೇ ಮಾರಬಹುದು ಎಂದು 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಹೊರಡಿಸಿದ ಅಪ್ಪಣೆಯ ಬಲದ ಮೇಲೆ ಬೆಳೆದ ರೂಢಿ ಇದು. ಉದ್ದನೆಯ ಬೆಂಚು, ಬೇಯಿಸಿದ ಮೊಟ್ಟೆ, ಮನೆಯ ಹ್ಯಾಮ್, ಚೀಸ್. ಜಗ್ಗಿನಲ್ಲಿ ವಿತೊವ್ಸ್ಕಾ ಎಂಬ ಬಿಳಿ ವೈನ್. ಸುಣ್ಣಕಲ್ಲಿನ ನೆಲ, ಬೋರಾ ಗಾಳಿಯ ಹೊಡೆತ, ಎರಡನ್ನೂ ತಡೆದುಕೊಂಡು ಬೆಳೆಯುವ ದ್ರಾಕ್ಷಿ. ರುಚಿಯಲ್ಲಿ ಪಿಯರ್ ಹಣ್ಣು, ಸೊಪ್ಪು, ತುಸು ಉಪ್ಪು. ಬಾಟಲಿ ಕೋಟಿಗಟ್ಟಲೆ ಇಲ್ಲ, ಜಾಹೀರಾತು ಇಲ್ಲ, ಹಾಗಾಗಿ ಕೇಸೂ ಇಲ್ಲ.

ಸದ್ಯಕ್ಕೆ. ವಿತೊವ್ಸ್ಕಾ ಎಂಬ ಹೆಸರು ಗಡಿಯಾಚೆ ಸ್ಲೊವೇನಿಯಾದ ವಿತೊವ್ಲ್ಯೆ ಎಂಬ ಹಳ್ಳಿಯಿಂದ ಬಂದಿರಬಹುದು ಎನ್ನುವವರೂ ಇದ್ದಾರೆ. ದಯವಿಟ್ಟು ಆ ಹಳ್ಳಿಯವರಿಗೆ ಯಾರೂ ಹೇಳಬೇಡಿ.