ಬೀರುವಿನ ಚಾಕು, ಜೇಬಿನ ಚಾಕು

ಹೋದ ಆಯುಧಪೂಜೆಗೆ ಅಪ್ಪ ಕತ್ತಿ, ಹಾರೆ, ಗುದ್ದಲಿ, ಮೆಟ್ಟುಗತ್ತಿ ಎಲ್ಲ ತೊಳೆದು ಜಗಲಿ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಬೀರುವಿನಿಂದ ನನ್ನ ಮಡಚುವ ಚಾಕು ತಂದು ಸಾಲಿನ ಕೊನೆಗೆ ಇಟ್ಟೆ. ಭಾವ ಅಮೆರಿಕದಿಂದ ತಂದುಕೊಟ್ಟಿದ್ದು. ಬೆಲೆ ಎಷ್ಟು ಅಂದರೆ ಅವರು ಹೇಳಲಿಲ್ಲ. ಆಮೇಲೆ ನಾನೇ ನೆಟ್‌ನಲ್ಲಿ ಹುಡುಕಿದೆ, ಹನ್ನೆರಡು ಸಾವಿರ ಚಿಲ್ಲರೆ. ಅಪ್ಪ ಒಂದೊಂದಕ್ಕೇ ಕುಂಕುಮ ಇಡುತ್ತಾ ಬಂದವರು ಅದರ ಎದುರು ನಿಂತರು. "ಇದೇನು ಆಯುಧವೋ, ಉತ್ಸವಮೂರ್ತಿಯೋ? ವರ್ಷಕ್ಕೊಂದೇ ಸಲ ಹೊರಗೆ ಬರುತ್ತಲ್ಲ ಮಾರಾಯ" ಅಂದರು.

ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ಅದು ನಿಜ. ಅಷ್ಟು ಬೆಲೆಯ ಚಾಕುವಿನಲ್ಲಿ ಗೊಬ್ಬರದ ಚೀಲ ಕೊಯ್ಯಲು ಕೈ ಬರುವುದಿಲ್ಲ. ತೋಟಕ್ಕೆ ಒಯ್ದರೆ ಸೊಪ್ಪಿನ ನಡುವೆ ಎಲ್ಲಿ ಬಿದ್ದುಹೋಗುತ್ತೋ ಅನ್ನುವ ಭಯ. ಯಾರಾದರೂ "ಒಂಚೂರು ಕೊಡಿ" ಅಂದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಚಾಕುವಿಗೆ ನ್ಯಾಯವಾದ ಬೆಲೆ ಅಂದರೆ ಇಷ್ಟೇ: ನೆಂಟರ ಕೈಗೆ ಕೊಡುವಾಗ ಹಿಂದೆ ಮುಂದೆ ನೋಡುವಂತಿರಬಾರದು, ಕೆಲಸದ ನಡುವೆ ಕೈಕೊಡಲೂಬಾರದು.

ಕೈಕೊಡುವುದು ಅಂದೆನಲ್ಲ, ಅದೂ ಆಗಿದೆ. ಭಾವನ ಚಾಕು ಬರುವುದಕ್ಕೂ ಮುಂಚೆ ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಒಂದು ಕೊಂಡಿದ್ದೆ. ಕಪ್ಪು ಅಲಗು, ಬೆನ್ನಿಗೆ ಗರಗಸದ ಹಲ್ಲು, ಹಿಡಿಯಲ್ಲಿ ದಿಕ್ಸೂಚಿ ಬೇರೆ! ತೋಟದಲ್ಲಿ ದಾರಿ ತಪ್ಪಿದರೆ ಅಂತ ಇರಬೇಕು. ಒಂದು ದಿನ ಡ್ರಿಪ್ ಪೈಪು ಕೊಯ್ಯುವಾಗ ಅಲಗು ಸಿಕ್ಕಿಕೊಂಡಿತು. ಎಳೆದೆ. ಲಾಕ್ ಬಿಟ್ಟು ಅಲಗು ಬೆರಳ ಮೇಲೇ ಮಡಚಿಕೊಂಡಿತು. ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ನೂರೈವತ್ತರ ಚಾಕು ಎಷ್ಟಕ್ಕೆ ಬಿತ್ತು ಅಂತ ನೀವೇ ಲೆಕ್ಕ ಹಾಕಿ.

ಆ ಹೊಲಿಗೆ ಆದ ಮೇಲೆ ನಾನು ಸುಮ್ನೆ ಫೋಟೋ ನೋಡಿ ಕೊಳ್ಳುವುದು ಬಿಟ್ಟೆ. ಮೊದಲು ಕೇಳುವುದು ಸ್ಟೀಲ್ ಯಾವುದು ಅಂತ. ಆನ್‌ಲೈನಿನಲ್ಲಿ "ಸರ್ಜಿಕಲ್ ಸ್ಟೀಲ್" ಅಂತ ಮಾತ್ರ ಬರೆದಿದ್ದರೆ ಮುಂದೆ ಹೋಗಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬರೀ "440" ಅಂತ ಇದ್ದರೂ ಅನುಮಾನ ಪಡಿ. 440ಎ, 440ಬಿ, 440ಸಿ ಅಂತ ಮೂರಿವೆ. ಎ ನಲ್ಲಿ ಇಂಗಾಲ ಕಡಿಮೆ, ಸಿ ಯಲ್ಲಿ ಜಾಸ್ತಿ. ಇಂಗಾಲ ಜಾಸ್ತಿ ಇದ್ದರೆ ಅಲಗು ಗಡಸಾಗುತ್ತದೆ, ಹರಿತ ನಿಲ್ಲುತ್ತದೆ. ಸಿ ಹಾಕಿದವನು ಅದನ್ನು ಬರೆಯದೇ ಬಿಡುತ್ತಾನಾ? ಚೀನಾ ಸ್ಟೀಲುಗಳ ಹೆಸರು ಓದುವುದು ಇನ್ನೂ ಸುಲಭ. 3ಸಿಆರ್13 ಅಂದರೆ ಇಂಗಾಲ ಸುಮಾರು 0.3%, ತುಕ್ಕು ತಡೆಯುವ ಕ್ರೋಮಿಯಂ ಸುಮಾರು 13%. 8ಸಿಆರ್13ಎಂಒವಿ ಅಂದರೆ ಇಂಗಾಲ 0.8%ರ ಹತ್ತಿರ. ಮೊದಲನೆಯದು ತುಕ್ಕು ಹಿಡಿಯುವುದು ಕಷ್ಟ, ಆದರೆ ಮೆತ್ತಗೆ, ಹರಿತ ಬೇಗ ಹೋಗುತ್ತದೆ. ಎರಡನೆಯದು ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಕೆಲಸದ ಸ್ಟೀಲ್. ಡಿ2 ಅಂತ ಒಂದು ಬರುತ್ತದೆ, ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನಮ್ಮ ಮಲೆನಾಡಿನ ಮಳೆಯಲ್ಲಿ ಒದ್ದೆ ಜೇಬಿನಲ್ಲಿ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಗ್ಯಾರಂಟಿ.

ಹೆಸರು ಗೊತ್ತಾದರೆ ಸಾಕಾ? ಸಾಲದು. ಕಾಯಿಸಿ ಹದ ಹಾಕಿದವನ ಕೈ ಮುಖ್ಯ. ಒಂದೇ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿದ ಎರಡು ಕತ್ತಿಗಳಲ್ಲಿ ಒಂದು ಹತ್ತು ವರ್ಷ ಬರುತ್ತದೆ, ಇನ್ನೊಂದರ ಬಾಯಿ ಮೂರೇ ತಿಂಗಳಿಗೆ ಮಡಚಿಹೋಗುತ್ತದೆ. ಕುಲುಮೆಗೆ ಕತ್ತಿ ಒಯ್ದವರಿಗೆಲ್ಲ ಇದು ಗೊತ್ತು. ಹದ ಜಾಸ್ತಿ ಆದರೆ ಚಕ್ಕೆ ಏಳುತ್ತದೆ, ಕಮ್ಮಿ ಆದರೆ ಬಾಯಿ ಮಡಚುತ್ತದೆ. ಇದು ಫೋಟೋದಲ್ಲಿ ಕಾಣುವುದಿಲ್ಲ ನೋಡಿ. ಹೆಸರಿರುವ ಕಂಪನಿಗೆ ನಾಲ್ಕು ದುಡ್ಡು ಜಾಸ್ತಿ ಕೊಡುವುದಿದ್ದರೆ ಈ ಕಾರಣಕ್ಕೆ ಕೊಡಬೇಕು. ಅಲಗಿನ ಮೇಲಿನ ನೀರಲೆ ಚಿತ್ತಾರಕ್ಕೆ ಅಲ್ಲ. ಪದರ ಪದರ ಉಕ್ಕು ಬೆಸೆದು ಮಾಡಿದ್ದು ಅಂತ ಮಾರುವ ಅಗ್ಗದ "ಡಮಾಸ್ಕಸ್"ಗಳಲ್ಲಿ ಎಷ್ಟೋ ಬರೀ ಮೇಲೆ ಮೂಡಿಸಿದ ಗೀಟು.

ದಪ್ಪ ಅಲಗು ಅಂದರೆ ಗಟ್ಟಿ ಚಾಕು ಅನ್ನುವುದು ಇನ್ನೊಂದು ಭ್ರಮೆ. ನಾಲ್ಕು ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಸೇಬು ಕೊಯ್ದು ನೋಡಿ. ಅದು ಕೊಯ್ಯುವುದಿಲ್ಲ, ಸೀಳುತ್ತದೆ. ಅರ್ಧ ದಾರಿಯಲ್ಲಿ ಟಕ್ ಅಂತ ಹೋಳು ಹಾರಿಹೋಗುತ್ತದೆ. ನಮ್ಮ ದಿನದ ಕೆಲಸ ಏನು? ಹುರಿ, ಪಾರ್ಸೆಲ್ ಟೇಪು, ಬಾಳೆಎಲೆ, ಮಾವಿನಹಣ್ಣು. ಇದಕ್ಕೆಲ್ಲ ಎರಡು ಮಿಲಿಮೀಟರ್ ಧಾರಾಳ ಸಾಕು.

ಈಗ ನನ್ನ ಜೇಬಿನಲ್ಲಿರುವುದು ಫ್ರಾನ್ಸಿನ ಒಪಿನೆಲ್, ನಂಬರ್ 8. ಆಲ್ಪ್ಸ್ ಬೆಟ್ಟದ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮಾಡಲು ಶುರು ಮಾಡಿದ ರೈತರ ಚಾಕು ಇದು. ಬೀಚ್ ಮರದ ಹಿಡಿ, ಎಂಟೂವರೆ ಸೆಂಟಿಮೀಟರ್ ಉದ್ದದ ತೆಳು ಅಲಗು. ಜೇಬಿನಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತದೆ, ಅಷ್ಟು ಹಗುರ. ಹಿಡಿಯ ಕತ್ತಿನಲ್ಲಿ ಒಂದು ಉಕ್ಕಿನ ಬಳೆ. ಅಲಗು ಬಿಡಿಸಿ ಬಳೆ ತಿರುಗಿಸಿದರೆ ಲಾಕ್. ಈ ಬಳೆ ಬಂದಿದ್ದು 1955ರಲ್ಲಿ. ಸ್ಪ್ರಿಂಗ್ ಇಲ್ಲ, ಬಟನ್ ಇಲ್ಲ. ಆ ಹೊಲಿಗೆಯ ನಂತರ ನನಗೆ ಬೇಕಿದ್ದಿದ್ದು ಕಣ್ಣಿಗೆ ಕಾಣುವ ಲಾಕ್. ಕೊಟ್ಟಿದ್ದು ಎರಡು ಸಾವಿರದ ಒಳಗೆ.

ಮರದ ಹಿಡಿಗೆ ಮರದ ಗುಣ ಇದ್ದೇ ಇರುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಅಲಗು ಬಿಗಿಯಾಗುತ್ತದೆ. ಸವಾಯ್‌ನವರು ಹಿಡಿಯ ಹಿಂಬದಿಯನ್ನು ಮೇಜಿಗೆ ಟಕ್ ಅಂತ ಕುಟ್ಟುತ್ತಾರೆ, ಅಲಗಿನ ತುದಿ ಹೊರಗೆ ಇಣುಕುತ್ತದೆ. ಅಲಗು ಬೇಗ ತುಕ್ಕು ಹಿಡಿಯುವ ಕಾರ್ಬನ್ ಸ್ಟೀಲಿನದು, ಸ್ಟೇನ್‌ಲೆಸ್‌ನದು ಎರಡೂ ಸಿಗುತ್ತವೆ. ನಾನು ಹಟ ಹಿಡಿದು ಕಾರ್ಬನ್ ತಗೊಂಡೆ. ಎರಡು ಹಸಿ ಅಡಿಕೆ ಕೊಯ್ದಿದ್ದೇ ತಡ, ಚೊಗರು ತಾಗಿ ಅಲಗು ಅಜ್ಜಿಯ ಮೆಟ್ಟುಗತ್ತಿ ಬಣ್ಣಕ್ಕೆ ತಿರುಗಿತು. ನನಗೆ ಆ ಬಣ್ಣ ಇಷ್ಟ. ರಾತ್ರಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಈ ಉಪಚಾರ ನಿಮ್ಮಿಂದಾಗದು ಅಂದರೆ ಸ್ಟೇನ್‌ಲೆಸ್ ತಗೊಳ್ಳಿ.

ಪೇಟೆಯಲ್ಲಿರುವ ತಂಗಿ ಕೇಳಿದಾಗ ಮಾತ್ರ ನಾನು ಇದನ್ನು ಹೇಳಲಿಲ್ಲ. ಅವಳಿಗೆ ಕತ್ತರಿ ಇರುವ ಚಿಕ್ಕ ವಿಕ್ಟೋರಿನಾಕ್ಸ್ ಸಾಕು. ಆ ಕೆಂಪು ಸ್ವಿಸ್ ಚಾಕುಗಳ ಸ್ಟೀಲ್ ಬಹಳ ಗಡಸು ಅಲ್ಲ, ಆದರೆ ಐದು ನಿಮಿಷ ಮಸೆದರೆ ಹರಿತ ವಾಪಸ್. ಮೇಜಿನ ಮೇಲೆ ಇಟ್ಟರೆ ಯಾರೂ ಹೆದರುವುದೂ ಇಲ್ಲ.

ಹೆದರಿಕೆ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಆಯುಧಗಳ ಪಟ್ಟಿಗೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು, ಅದರಲ್ಲೂ ಮನೆಗೆಲಸ, ಕೃಷಿಗೆ ಅಂತ ಮಾಡಿದವನ್ನು ಬಿಟ್ಟು. ನಮ್ಮ ಮೂರು ಇಂಚಿನದು ಅದರ ಹತ್ತಿರವೂ ಇಲ್ಲ. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತ ಅಲ್ಲ. ವಿಮಾನ ಹತ್ತುವಾಗ ಕೈಚೀಲದಲ್ಲಿ ಮರೆತು ನಾನೇ ಒಂದು ಚಾಕು ಕಳೆದುಕೊಂಡಿದ್ದೇನೆ. ಚೆಕ್-ಇನ್ ಲಗೇಜಿಗೆ ಹಾಕಬೇಕಿತ್ತು, ನನ್ನದೇ ತಪ್ಪು. ಬಟನ್ ಒತ್ತಿದರೆ ಛಕ್ ಅಂತ ತೆರೆಯುವವಂತೂ ಬೇಡವೇ ಬೇಡ. ಅವುಗಳಿಂದ ಆಗುವ ಕೆಲಸ ಕಮ್ಮಿ, ಕೊಡಬೇಕಾದ ಉತ್ತರ ಜಾಸ್ತಿ.

ಉಳಿದ ದುಡ್ಡಿಗೆ ಒಂದು ಮಸೆಕಲ್ಲು ತಗೊಳ್ಳಿ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅರ್ಧ ಮಲಗಿಸಿ, ಅದರಲ್ಲಿ ಮತ್ತೆ ಅರ್ಧ ಮಲಗಿಸಿ. ಈಗ ಇಪ್ಪತ್ತೆರಡು ಡಿಗ್ರಿ ಆಸುಪಾಸು ಆಯಿತು. ಇನ್ನೊಂದು ಚೂರೇ ಚೂರು ಬಗ್ಗಿಸಿ ಮಸೆಯಿರಿ. ಆಚೆ ಬದಿಗೆ ಕೂದಲೆಳೆಯಂಥ ಅಂಚು ಉಗುರಿಗೆ ತಗಲಿದರೆ ಮಗ್ಗುಲು ಬದಲಿಸಿ. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಬಟ್ಟಲು ಬೋರಲು ಹಾಕಿ, ತಳದ ಒರಟು ಬಳೆಯ ಮೇಲೆ ನಾಲ್ಕು ಸಲ ಎಳೆದರೂ ಆ ಹೊತ್ತಿನ ಕೆಲಸ ನಡೆಯುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆ ಚಿಕ್ಕಪ್ಪ ಬಂದರು. "ಆ ನಿನ್ನ ಮರದ ಹಿಡಿ ಚಾಕು ಕೊಡು, ಕಾಳುಮೆಣಸಿನ ಬಳ್ಳಿ ಕಟ್ಟಬೇಕು" ಅಂದರು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದಂತೆ. ಅದಕ್ಕೆ ಜಗಲಿ ಮೇಲೆ ಇಟ್ಟೆ, ಅವರು ಎತ್ತಿಕೊಂಡು ಹೋದರು. ಹೋದ ಸಲ ಒಯ್ದಾಗ ವಾಪಸ್ ಬರಲು ಒಂಬತ್ತು ದಿನ ಹಿಡಿದಿತ್ತು.